ಏಳು ಮಾತ್ರೆ, ಒಂದು ಬಟ್ಟಲು: ನುಂಗಿದ ಮೇಲೆ ಔಷಧಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ, ತೂಕ 50 ಕೆ.ಜಿ. ಥೈರಾಯ್ಡ್, ಶುಗರ್, ಬಿ.ಪಿ. ಮೂರೂ ಇವೆ. ನಾನು ಎಂಟೂವರೆಗೆ ಶಾಲೆಗೆ ಪಾಠಕ್ಕೆ ಹೊರಡಬೇಕು. ಹಾಗಾಗಿ ದಿನದ ಎಲ್ಲ ಮಾತ್ರೆಗಳನ್ನೂ ಒಂದು ಬಟ್ಟಲಿಗೆ ಹಾಕಿ ಬೆಳಿಗ್ಗೆ ಏಳಕ್ಕೆ ಕಾಫಿ ಜೊತೆ ಕೊಟ್ಟುಬಿಡುತ್ತೇನೆ. ಥೈರಾಕ್ಸಿನ್ 100, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಶುಗರಿಗೆ ಮೆಟ್‌ಫಾರ್ಮಿನ್ ಎಸ್‌ಆರ್ 1000, ಟೆಲ್ಮಿಸಾರ್ಟಾನ್ ಜೊತೆ ನೀರಿಳಿಸುವ ಔಷಧಿ (ಹೈಡ್ರೋಕ್ಲೋರೋಥಯಜೈಡ್) ಸೇರಿರುವ ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ 10, ಕ್ಯಾಲ್ಸಿಯಂ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಕೂಡ ಮೂರು ತಿಂಗಳಿಂದ ಹೆಚ್ಚುಕಮ್ಮಿ ದಿನಾ ನಡೆದಿದೆ. ಒಂದು ದಿನ ಶುಗರ್ ಮಾತ್ರೆ ಇಡಿಯಾಗಿ ಮಲದಲ್ಲಿ ಬಂದಿತ್ತು. ಅವತ್ತಿನಿಂದ ಅದನ್ನು ಕುಟ್ಟಿ ಕೊಡುತ್ತಿದ್ದೇನೆ. ಥೈರಾಯ್ಡ್ ಡೋಸನ್ನು ವರ್ಷದಲ್ಲಿ ಎರಡು ಸಲ ಏರಿಸಿದರೂ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದರೆ ರಕ್ತದಲ್ಲಿ ಏರುವ ಅಂಕಿ) ಇಳಿಯುತ್ತಿಲ್ಲ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1 ಇದೆ, ನಾರ್ಮಲ್ ಎಂದರು. ಆದರೂ ‘ಇಷ್ಟು ಇಂಗ್ಲಿಷ್ ಮಾತ್ರೆ ಮೈಯಲ್ಲೇ ಸೇರಿಕೊಂಡು ಕಿಡ್ನಿ ಹೋಗುತ್ತೆ, ವಾರಕ್ಕೊಂದು ದಿನ ಬಿಡುವು ಕೊಡಿ’ ಎಂದು ನಾದಿನಿ ಹೇಳುತ್ತಾರೆ. ಇದನ್ನೆಲ್ಲ ಕೇಳಿಸಿಕೊಂಡ ನನ್ನ ಮಗಳು, ‘ತಲೆನೋವಿನ ಮಾತ್ರೆಗೆ ತಲೆಗೇ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾ?’ ಎಂದಳು. ಉತ್ತರ ಹೊಳೆಯಲಿಲ್ಲ. ನಾವು ಮಾಡುತ್ತಿರುವುದು ಸರಿಯೇ, ಡಾಕ್ಟರೇ?
– ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು, ಭಯ ಮಾತ್ರ ಒಂದೇ. ಇಷ್ಟೊಂದು ಔಷಧಿ ಒಳಗೆ ಸೇರಿಕೊಂಡು ಅತ್ತೆಯವರ ಕಿಡ್ನಿ ಕೆಡಿಸುತ್ತಿದೆಯೇ, ಕೈಯಾರೆ ಕೊಡುತ್ತಿರುವ ನಾನೇ ಅದಕ್ಕೆ ಕಾರಣಳಾಗುತ್ತಿದ್ದೇನೆಯೇ ಎಂಬ ಭಯ. ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವೈದ್ಯರು ಬರೆದ ಆರು ಮಾತ್ರೆಗಳು ಸರಿಯಾದ ಡೋಸಿನಲ್ಲಿ ಕಿಡ್ನಿ ಕೆಡಿಸುವ ಸಂಭವ ತೀರಾ ಕಡಿಮೆ. ಬಿ.ಪಿ. ಮತ್ತು ಶುಗರ್ ಹತೋಟಿಯಲ್ಲಿಟ್ಟು ಅವು ಕಿಡ್ನಿಯನ್ನು ಕಾಯುತ್ತಿವೆ ಎಂದೇ ಹೇಳಬೇಕು. ನನಗೆ ಚಿಂತೆ ಇರುವುದು ಚೀಟಿಯಲ್ಲಿ ಇಲ್ಲದ ಆ ಏಳನೆಯ ಮಾತ್ರೆಯ ಬಗ್ಗೆ, ಮತ್ತೆ ಎಲ್ಲವನ್ನೂ ಕೂಡಿಸುವ ಆ ಬಟ್ಟಲಿನ ಬಗ್ಗೆ. ಎರಡನ್ನೂ ಸರಿಪಡಿಸಬಹುದು. ಬಟ್ಟಲಿನ ವಿಷಯದಲ್ಲಿ ನಿಮ್ಮ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ‘1-0-0’ ಎಂದು ಬರೆದು ಕಳಿಸುವ ನಾವು ವೈದ್ಯರು, ಅದು ಕಾಫಿಗೆ ಮುಂಚೆಯೋ ಆಮೇಲೋ, ಯಾವುದರ ಜೊತೆ ಯಾವುದು ಬೇಡ ಎಂದು ಕೂರಿಸಿ ಹೇಳುವುದು ಅಪರೂಪ.

ಮಗಳ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ತಲೆನೋವಿನ ಮಾತ್ರೆಗೆ ತಲೆ ಎಲ್ಲಿದೆ ಎಂದು ಗೊತ್ತಿಲ್ಲ. ರಕ್ತ ಎಲ್ಲೆಲ್ಲಿ ಹರಿಯುತ್ತದೋ ಅಲ್ಲಿಗೆಲ್ಲ ಅದೂ ಹೋಗುತ್ತದೆ, ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ. ನೋವು ಇರುವ ಕಡೆ ಅದಕ್ಕೆ ಮಾಡಲು ಕೆಲಸ ಸಿಗುತ್ತದೆ, ಬೇರೆ ಕಡೆ ಸಿಗುವುದಿಲ್ಲ, ಅಷ್ಟೇ. ಕೆಲವೊಮ್ಮೆ ಬೇಡದ ಕಡೆಯೂ ಕೆಲಸ ಸಿಕ್ಕಿಬಿಡುತ್ತದೆ. ಅಡ್ಡಪರಿಣಾಮ ಎನ್ನುವುದು ಇದನ್ನೇ. ಮಂಡಿಗೆಂದು ನುಂಗಿದ ಡೈಕ್ಲೋಫೆನಾಕ್ ಜಠರದ ಒಳಪದರವನ್ನೂ ಕಿಡ್ನಿಯನ್ನೂ ಮುಟ್ಟುವುದು ಹೀಗೆ. ಅಸ್ತಮಾಕ್ಕೆ ಇನ್ಹೇಲರ್, ಕಣ್ಣಿಗೆ ಡ್ರಾಪ್ಸ್, ಮಂಡಿಗೆ ಜೆಲ್ ಇರುವುದು ಔಷಧಿಯನ್ನು ಊರೆಲ್ಲ ಸುತ್ತಿಸದೆ ಬೇಕಾದ ಮನೆಯ ಬಾಗಿಲಿಗೇ ಮುಟ್ಟಿಸಲು. ಮಗಳಿಗೆ ಹೇಳಿ, ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ.

ಇನ್ನು ಬಾಯಿಂದ ರಕ್ತಕ್ಕೆ ಹೋಗುವ ದಾರಿ. ಮಾತ್ರೆ ಜಠರದಲ್ಲಿ ಕರಗುತ್ತದೆ, ಆದರೆ ಬಹುಪಾಲು ಔಷಧಿ ರಕ್ತಕ್ಕೆ ಸೇರುವುದು ಅಲ್ಲಿಂದ ಮುಂದೆ, ಸಣ್ಣ ಕರುಳಿನಲ್ಲಿ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಒಂದು ಸುಂಕದಕಟ್ಟೆ ಇದ್ದಂತೆ. ಬಂದ ಸರಕಿನಲ್ಲಿ ತನ್ನ ಪಾಲು ಮುರಿದುಕೊಂಡೇ ಮುಂದಕ್ಕೆ ಬಿಡುತ್ತದೆ. ಕೆಲವು ಔಷಧಿಗಳಿಗೆ ಸುಂಕ ಕಡಿಮೆ, ಕೆಲವಕ್ಕೆ ವಿಪರೀತ. ಹೃದಯದ ಬಡಿತ ತಗ್ಗಿಸುವ ಪ್ರೊಪ್ರನಲಾಲ್ ಎಂಬ ಔಷಧಿಯನ್ನು ನುಂಗುವಾಗ 40 ಮಿಲಿಗ್ರಾಂ ಕೊಟ್ಟರೆ, ನರಕ್ಕೆ ಚುಚ್ಚುವಾಗ 1 ಮಿಲಿಗ್ರಾಂನಿಂದ ಶುರುಮಾಡುತ್ತೇವೆ. ಎದೆನೋವಿನ ಐಸೊಸಾರ್ಬೈಡ್ ಡೈನೈಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ ಎಂದು ಹೇಳುವುದೂ ಈ ಸುಂಕ ತಪ್ಪಿಸಲಿಕ್ಕೆ. ನಾಲಿಗೆಯ ಕೆಳಗಿನ ರಕ್ತನಾಳಗಳು ಲಿವರ್ ದಾಟದೆ ಹೃದಯದ ಕಡೆಗೆ ಹೋಗುತ್ತವೆ, ಕೆಲವೇ ನಿಮಿಷದಲ್ಲಿ ಪರಿಣಾಮ ಕಾಣುತ್ತದೆ. ಗಾಬರಿಯಲ್ಲಿ ಅದನ್ನು ನೀರಿನ ಜೊತೆ ನುಂಗಿಬಿಡುವವರನ್ನು ನಾನು ಬಹಳ ನೋಡಿದ್ದೇನೆ.

‘ಮಿಲಿಗ್ರಾಂ ಜಾಸ್ತಿ ಇದ್ದರೆ ಪವರ್ ಜಾಸ್ತಿ’ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಿಸಬಹುದು. ಅತ್ತೆಯವರ ಥೈರಾಕ್ಸಿನ್ 100 ಎನ್ನುವುದು 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ. ತೂಕದಲ್ಲಿ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಅಷ್ಟಾದರೂ ಡೋಸು ತುಸು ಹೆಚ್ಚಾದರೆ ಎದೆ ಡವಗುಟ್ಟಿಸುವುದು ಆ ಸಣ್ಣ ಥೈರಾಕ್ಸಿನ್ನೇ. ಬೇರೆ ಬೇರೆ ಔಷಧಿಗಳ ಮಿಲಿಗ್ರಾಂಗಳನ್ನು ಒಂದರ ಪಕ್ಕ ಒಂದು ಇಟ್ಟು ಅಳೆಯುವಂತಿಲ್ಲ.

ಈಗ ಥೈರಾಯ್ಡ್. ವರ್ಷದಲ್ಲಿ ಎರಡು ಸಲ ಡೋಸು ಏರಿಸಿದರೂ ಟಿಎಸ್‌ಎಚ್ ಇಳಿದಿಲ್ಲ ಎಂದು ಓದಿದ ಕೂಡಲೇ ನನ್ನ ಕಣ್ಣು ಕಾಫಿಯ ಮೇಲೆ ಬಿತ್ತು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡರೂ ಥೈರಾಕ್ಸಿನ್‌ನ ನೂರಕ್ಕೆ 60ರಿಂದ 80 ಪಾಲಷ್ಟೇ ರಕ್ತಕ್ಕೆ ದಕ್ಕುತ್ತದೆ. ಕಾಫಿ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮಾತ್ರೆಯಂತೂ ಕರುಳಿನಲ್ಲಿ ಥೈರಾಕ್ಸಿನ್ನನ್ನು ತಬ್ಬಿ ಹಿಡಿದು ತನ್ನ ಜೊತೆಗೇ ಹೊರಗೆ ಒಯ್ಯುತ್ತದೆ. ಕಬ್ಬಿಣದ ಮಾತ್ರೆಯೂ ಹಾಗೆಯೇ. ಪ್ಯಾಂಟೊಪ್ರಜೋಲ್ ಜಠರದ ಆಮ್ಲ ಇಳಿಸುವುದರಿಂದ ಮಾತ್ರೆ ಕರಗುವುದೇ ಕಷ್ಟವಾಗುತ್ತದೆ. ಕಬ್ಬಿಣ ಬಿಟ್ಟರೆ ಉಳಿದ ಮೂರೂ, ಅಂದರೆ ಕಾಫಿ, ಕ್ಯಾಲ್ಸಿಯಂ, ಪ್ಯಾಂಟೊಪ್ರಜೋಲ್, ನಿಮ್ಮಲ್ಲಿ ಥೈರಾಕ್ಸಿನ್ ಜೊತೆಗೇ ಹೋಗುತ್ತಿವೆ. ಚೀಟಿಯಲ್ಲಿ 100 ಎಂದಿದ್ದರೂ ಅತ್ತೆಯವರ ರಕ್ತಕ್ಕೆ ಎಷ್ಟು ಸೇರುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ. ವೈದ್ಯರು ಟಿಎಸ್‌ಎಚ್ ನೋಡಿ ಡೋಸು ಏರಿಸಿದರು. ಬಟ್ಟಲಿನ ವಿಷಯ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಇದಕ್ಕೆ ದಾರಿ ಮೂರು. ಒಂದು, ಎದ್ದ ಕೂಡಲೇ, ಆರು ಗಂಟೆಗೆ ಎನ್ನಿ, ನೀರಿನ ಜೊತೆ ಥೈರಾಕ್ಸಿನ್ ಮಾತ್ರ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಒಂದು ಗಂಟೆ ಕಾದರೆ ಒಳ್ಳೆಯದು. ಎದ್ದ ಕೂಡಲೇ ಕಾಫಿ ಕುಡಿದು ಬೆಳೆದ ಜೀವಕ್ಕೆ ಇದು ದೊಡ್ಡ ಶಿಕ್ಷೆಯೆಂದು ನನಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಈ ನಿಯಮ ಹದಿನೈದು ದಿನಕ್ಕೇ ಮುರಿದುಬೀಳುತ್ತದೆ. ಹಾಗಾದರೆ ಎರಡನೆಯದು, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ. ಇದೂ ಬೆಳಗಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ತೊಡಕೆಂದರೆ ಏಳೂವರೆಗೆ ಉಂಡು ಹತ್ತೂವರೆಯ ತನಕ ಎದ್ದಿರಬೇಕು, ನಡುವೆ ಹಾಲು ಕುಡಿಯುವ ರೂಢಿ ಬಿಡಬೇಕು. ಮೂರನೆಯದು, ಕಾಫಿಯ ಜೊತೆಗೇ ದಿನವೂ ಒಂದೇ ರೀತಿ ಕೊಟ್ಟು, ಅದಕ್ಕೆ ತಕ್ಕಂತೆ ಡೋಸು ಹೊಂದಿಸುವುದು. ಕೆಲವು ವೈದ್ಯರು ಇದಕ್ಕೂ ಒಪ್ಪುತ್ತಾರೆ. ಕಾಫಿ ಗಟ್ಟಿಯಾದ ದಿನ, ಉಪವಾಸದ ದಿನ, ನೆಂಟರ ಮನೆಗೆ ಹೋದ ದಿನ ಲೆಕ್ಕ ತಪ್ಪುತ್ತದೆ ಎಂಬ ಕಾರಣಕ್ಕೆ ನಾನು ಇದನ್ನು ಕೊನೆಗೆ ಇಡುತ್ತೇನೆ. ಯಾವುದನ್ನೇ ಆರಿಸಿಕೊಂಡರೂ ಕ್ಯಾಲ್ಸಿಯಂ ಮತ್ತು ಥೈರಾಕ್ಸಿನ್ ನಡುವೆ ನಾಲ್ಕು ಗಂಟೆ ಅಂತರ ಇರಲೇಬೇಕು. ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಬಿಡಿ.

ಡೋಸು ಬದಲಿಸಿದ ಮೇಲೆ ಟಿಎಸ್‌ಎಚ್ ಪರೀಕ್ಷೆಗೆ ಆರು ವಾರ ಕಾಯಿರಿ ಎಂದು ನಾವು ವೈದ್ಯರು ಹೇಳುವುದು ಏಕೆ? ಇಲ್ಲಿ ಒಂದು ಕೆರೆ ನೆನಪಿಸಿಕೊಳ್ಳಿ. ಕೆರೆ ತುಂಬಿದ್ದಾಗ ತೂಬಿನಿಂದ ನೀರು ರಭಸವಾಗಿ ನುಗ್ಗುತ್ತದೆ, ನೀರು ಇಳಿದಂತೆ ಧಾರೆ ಸಣ್ಣದಾಗುತ್ತದೆ. ಹೆಚ್ಚಿನ ಔಷಧಿಗಳು ಮೈಯಿಂದ ಹೊರಹೋಗುವುದು ಹೀಗೆಯೇ. ಇದ್ದದ್ದರಲ್ಲಿ ಅರ್ಧ ಹೋಗಲು ಇಷ್ಟು ಹೊತ್ತು, ಉಳಿದದ್ದರಲ್ಲಿ ಅರ್ಧ ಹೋಗಲು ಮತ್ತೆ ಅಷ್ಟೇ ಹೊತ್ತು. ಈ ಹೊತ್ತಿಗೆ ಅರ್ಧಾಯುಷ್ಯ ಎಂದು ಹೆಸರು. ಪ್ಯಾರಾಸಿಟಮಾಲ್‌ಗೆ ಎರಡು ಮೂರು ಗಂಟೆ, ಮೆಟ್‌ಫಾರ್ಮಿನ್‌ಗೆ ಆರು ಗಂಟೆಯ ಆಸುಪಾಸು, ಟೆಲ್ಮಿಸಾರ್ಟಾನ್‌ಗೆ ಸುಮಾರು ಒಂದು ದಿನ, ಥೈರಾಕ್ಸಿನ್‌ಗೆ ಏಳು ದಿನ. ಐದು ಅರ್ಧಾಯುಷ್ಯ ಕಳೆದರೆ ನೂರಕ್ಕೆ 97 ಪಾಲು ಖಾಲಿ. ದಿನಾ ಒಂದೇ ಅಳತೆಯ ನೀರು ಬೀಳುತ್ತಿದ್ದರೆ ಕೆರೆ ತುಂಬುವುದಕ್ಕೂ ಇದೇ ಲೆಕ್ಕ. ಒಳಬರುವುದೂ ಹೊರಹೋಗುವುದೂ ಸಮವಾಗಿ ಮಟ್ಟ ನಿಲ್ಲಲು ಹೆಚ್ಚುಕಡಿಮೆ ಐದು ಅರ್ಧಾಯುಷ್ಯ ಬೇಕು. ಥೈರಾಕ್ಸಿನ್‌ಗೆ ಅದು ಐದು ವಾರ. ಡೋಸು ಬದಲಿಸಿದ ಹತ್ತನೆಯ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ತುಂಬುತ್ತಿರುವ ಕೆರೆಗೆ ಅಳತೆಗೋಲು ಇಳಿಸಿದ ಹಾಗೆ. ಆ ಅಂಕಿಯನ್ನು ನಂಬಿ ಡೋಸು ಏರಿಸುವಂತಿಲ್ಲ.

ನಿಮ್ಮ ನಾದಿನಿಯವರ ಮಾತಿಗೂ ಉತ್ತರ ಈ ತೂಬಿನಲ್ಲೇ ಇದೆ. ಮಾತ್ರೆ ಮೈಯಲ್ಲಿ ಸೇರುತ್ತಾ ಸೇರುತ್ತಾ ಹೋಗುವುದಿಲ್ಲ. ಮಟ್ಟ ಏರಿದಂತೆ ಹೊರಹರಿವೂ ಏರಿ, ಒಂದು ಕಡೆ ನಿಲ್ಲುತ್ತದೆ. ತಿಂಗಳುಗಟ್ಟಲೆ ಉಳಿಯುವ ಔಷಧಿಗಳೂ ಕೆಲವು ಇವೆ, ಹೃದಯ ಬಡಿತಕ್ಕೆ ಕೊಡುವ ಅಮಿಯೋಡರೋನ್ ಅಂಥದ್ದು. ಅತ್ತೆಯವರ ಬಟ್ಟಲಿನಲ್ಲಿ ಅಂಥದ್ದಿಲ್ಲ. ವಾರಕ್ಕೊಂದು ದಿನ ‘ಬಿಡುವು’ ಕೊಟ್ಟರೆ ಕಿಡ್ನಿಗೆ ವಿಶ್ರಾಂತಿ ಸಿಗುವುದಿಲ್ಲ. ಆ ದಿನ ಶುಗರ್ ಏರುತ್ತದೆ, ಮರುದಿನದ ಹೊತ್ತಿಗೆ ಬಿ.ಪಿ. ಮಾತ್ರೆಯ ಮಟ್ಟ ಅರ್ಧಕ್ಕೆ ಇಳಿದಿರುತ್ತದೆ, ಏರಿದ ಬಿ.ಪಿ.ಯ ಹೊಡೆತ ಬೀಳುವುದು ಅದೇ ಕಿಡ್ನಿಗೆ. ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಾದರೆ ಏಕಾಏಕಿ ನಿಲ್ಲಿಸುವುದು ಅಪಾಯವೇ. ನಾದಿನಿಯವರಿಗೆ ಅಮ್ಮನ ಮೇಲಿನ ಕಾಳಜಿಯಿಂದ ಈ ಮಾತು ಬಂದಿದೆ. ಹಾಗಾಗಿ ಬಿರುಸಾಗಿ ಅಲ್ಲಗಳೆಯದೆ ಈ ಲೆಕ್ಕವನ್ನು ತೋರಿಸಿ.

ಒಂದು ಸೂಕ್ಷ್ಮ ಹೇಳಬೇಕು. ಔಷಧಿ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ ಎಂದೇನಿಲ್ಲ. ಪ್ಯಾಂಟೊಪ್ರಜೋಲ್‌ನ ಅರ್ಧಾಯುಷ್ಯ ಒಂದು ಗಂಟೆಯಷ್ಟೇ, ಆದರೆ ಆಮ್ಲ ಸುರಿಸುವ ಪಂಪುಗಳಿಗೆ ಅದು ಹಾಕಿದ ಬೀಗ ಮತ್ತೆ ತೆರೆಯುವುದಿಲ್ಲ. ಹೊಸ ಪಂಪು ಹುಟ್ಟುವ ತನಕ ಪರಿಣಾಮ ಇರುತ್ತದೆ. ಅದಕ್ಕೇ ದಿನಕ್ಕೊಂದು ಸಾಕು. ಊಟ ಬಿದ್ದಾಗ ಪಂಪುಗಳು ಚಾಲೂ ಆಗುತ್ತವೆ, ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಾಗಿರಬೇಕು. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮುಂಚೆ. ಅಟೋರ್ವಾಸ್ಟಾಟಿನ್, ಟೆಲ್ಮಿಸಾರ್ಟಾನ್‌ಗೆ ಇಂಥ ಕಟ್ಟುಪಾಡು ಇಲ್ಲ. ದಿನದಲ್ಲಿ ಯಾವ ಹೊತ್ತಾದರೂ ಸರಿ, ದಿನಾ ಅದೇ ಹೊತ್ತಾದರೆ ಸಾಕು.

ಕುಟ್ಟುವ ವಿಷಯಕ್ಕೆ ಬರುತ್ತೇನೆ. ಮಲದಲ್ಲಿ ಇಡೀ ಮಾತ್ರೆ ಕಂಡಾಗ ನೀವು ಹೆದರಿದ್ದು ಸಹಜ, ಆದರೆ ಅವತ್ತು ಔಷಧಿ ವ್ಯರ್ಥವಾಗಿರಲಿಲ್ಲ. ಎಸ್‌ಆರ್ ಎಂದರೆ ನಿಧಾನವಾಗಿ ಬಿಡುವ ಮಾತ್ರೆ. ಅದು ಹೊಟ್ಟೆಯಲ್ಲಿ ನೀರು ಹೀರಿ ಲೋಳೆಯಂತಹ ಗೂಡಾಗುತ್ತದೆ, ಗಂಟೆಗಟ್ಟಲೆ ಔಷಧಿಯನ್ನು ತೊಟ್ಟುತೊಟ್ಟಾಗಿ ಹೊರಬಿಡುತ್ತದೆ. ಕೊನೆಗೆ ಹೊರಬರುವುದು ಖಾಲಿ ಗೂಡು. ಅದನ್ನು ಕುಟ್ಟಿದರೆ ಇಡೀ ದಿನಕ್ಕೆ ಹಂಚಬೇಕಾದ 1000 ಮಿಲಿಗ್ರಾಂ ಒಂದೇ ಸಲಕ್ಕೆ ಕರುಳಿಗೆ ಬೀಳುತ್ತದೆ. ಹೊಟ್ಟೆ ತೊಳಸುವುದು, ಭೇದಿ ಇದರಿಂದ ಬರಬಹುದು. ಸಂಜೆಯ ಹೊತ್ತಿಗೆ ಔಷಧಿ ಸಾಲದೆಯೂ ಹೋಗಬಹುದು. ಮೆಟ್‌ಫಾರ್ಮಿನ್ ಆದ್ದರಿಂದ ಇಷ್ಟಕ್ಕೇ ನಿಂತಿತು. ನಾನು ಹೌಸ್ ಸರ್ಜನ್ ಆಗಿದ್ದಾಗ ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದ ಒಬ್ಬ ಅಜ್ಜನಿಗೆ ಬಿ.ಪಿ. ಇಳಿಸುವ ನಿಫೆಡಿಪಿನ್ ಎಸ್‌ಆರ್ ಮಾತ್ರೆಯನ್ನು ಕುಟ್ಟಿ ಹಾಕಿಬಿಟ್ಟಿದ್ದರು. ಬಿ.ಪಿ. ಕುಸಿದು ಬಿತ್ತು, ಇಡೀ ರಾತ್ರಿ ಅವರ ಹಾಸಿಗೆಯ ಪಕ್ಕ ನಿಂತಿದ್ದೆ. ಬದುಕಿದರು. ಅಂದಿನಿಂದ ಕುಟ್ಟಿದ ಮಾತ್ರೆ ಕಂಡರೆ ಯಾವುದು ಎಂದು ಕೇಳದೆ ನನಗೆ ಸಮಾಧಾನವಿಲ್ಲ.

ಸ್ಟ್ರಿಪ್ಪಿನ ಮೇಲೆ ಎಸ್‌ಆರ್, ಎಕ್ಸ್‌ಆರ್, ಇಆರ್, ಪಿಆರ್ ಎಂದಿದ್ದರೆ ಕುಟ್ಟುವುದಾಗಲಿ ಅಗಿಯುವುದಾಗಲಿ ಬೇಡ. ಪ್ಯಾಂಟೊಪ್ರಜೋಲ್‌ಗೆ ಬೇರೆಯೇ ಕಾರಣ. ಜಠರದ ಆಮ್ಲ ಮುಟ್ಟಬಾರದೆಂದು ಅದಕ್ಕೆ ಹೊದಿಕೆ ಹಾಕಿರುತ್ತಾರೆ, ಕುಟ್ಟಿದರೆ ಔಷಧಿ ಅಲ್ಲೇ ಹಾಳಾಗುತ್ತದೆ. ಅತ್ತೆಯವರಿಗೆ ದೊಡ್ಡ ಮಾತ್ರೆ ನುಂಗಲು ಕಷ್ಟವಾದರೆ ವೈದ್ಯರನ್ನು ಕೇಳಿ, 500ರ ಎಸ್‌ಆರ್ ಎರಡಾಗಿ ಕೊಡಬಹುದು. ಇಲ್ಲವೇ ಎಸ್‌ಆರ್ ಅಲ್ಲದ ಸಾದಾ 500 ಅನ್ನು ದಿನಕ್ಕೆ ಎರಡು ಹೊತ್ತು ಊಟದ ಜೊತೆ ಕೊಡಬಹುದು. ಸಾದಾ ಮಾತ್ರೆಯನ್ನು ಪುಡಿ ಮಾಡಬಹುದು, ಕಹಿ ಇರುತ್ತದೆ, ಹೊಟ್ಟೆಯ ತೊಂದರೆ ಎಸ್‌ಆರ್‌ಗಿಂತ ಹೆಚ್ಚು. ಎರಡು ಹೊತ್ತು ನೆನಪಿಟ್ಟುಕೊಳ್ಳುವ ಕೆಲಸವೂ ಸೇರಿಕೊಳ್ಳುತ್ತದೆ.

ಇನ್ನು ಕಿಡ್ನಿ. ಇದನ್ನು ನಿಧಾನವಾಗಿ ಓದಿ. ಔಷಧಿಗಳು ಮೈಯಿಂದ ಹೊರಡಲು ಮುಖ್ಯವಾಗಿ ಎರಡು ಬಾಗಿಲು. ಲಿವರ್ ಔಷಧಿಯನ್ನು ಒಡೆದು ಪಿತ್ತದ ಮೂಲಕ ಕಳಿಸುತ್ತದೆ, ಕಿಡ್ನಿ ಸೋಸಿ ಮೂತ್ರದಲ್ಲಿ ಕಳಿಸುತ್ತದೆ. ಅತ್ತೆಯವರ ಟೆಲ್ಮಿಸಾರ್ಟಾನ್ ಮತ್ತು ಅಟೋರ್ವಾಸ್ಟಾಟಿನ್ ಕಿಡ್ನಿಯನ್ನು ಹೆಚ್ಚುಕಡಿಮೆ ನಂಬಿಕೊಂಡೇ ಇಲ್ಲ, ಪಿತ್ತದ ದಾರಿಯಲ್ಲೇ ಹೋಗುತ್ತವೆ. ಕಿಡ್ನಿಯನ್ನೇ ನಂಬಿರುವುದು ಮೆಟ್‌ಫಾರ್ಮಿನ್ ಮತ್ತು ನೀರಿಳಿಸುವ ಔಷಧಿ. ಮೆಟ್‌ಫಾರ್ಮಿನ್ ಅನ್ನು ಲಿವರ್ ಮುಟ್ಟುವುದೇ ಇಲ್ಲ, ಹೇಗೆ ಬಂತೋ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಜನ ಹೇಳುವುದು ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತದೆ ಎಂದು. ನಿಜ ಅದರ ತಿರುವುಮುರುವು, ಕಿಡ್ನಿ ಕೆಟ್ಟರೆ ಮೆಟ್‌ಫಾರ್ಮಿನ್ ಹೊರಹೋಗದೆ ಉಳಿದು ತೊಂದರೆ ಕೊಡುತ್ತದೆ. ಅದಕ್ಕಾಗಿ ನಾವು ಡೋಸು ಇಳಿಸುತ್ತೇವೆ ಅಥವಾ ನಿಲ್ಲಿಸುತ್ತೇವೆ. ಅದನ್ನು ನೋಡಿದವರು ಮಾತ್ರೆಯಿಂದಲೇ ಕಿಡ್ನಿ ಹೋಯಿತು ಎಂದುಕೊಳ್ಳುತ್ತಾರೆ.

ಹಾಗಾದರೆ ಅವರ ಕಿಡ್ನಿ ಹೇಗಿದೆ? ಕ್ರಿಯಾಟಿನಿನ್ 1.1 ಎಂಬ ಅಂಕಿ ನಾರ್ಮಲ್ ಮಿತಿಯೊಳಗೇ ಇರಬಹುದು. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. 50 ಕೆ.ಜಿ.ಯ ವಯಸ್ಸಾದ ಹೆಂಗಸಿನಲ್ಲಿ ಸ್ನಾಯು ಕಡಿಮೆ, ಹುಟ್ಟುವುದೇ ಕಡಿಮೆ. ಸೋಸುವುದು ಕುಗ್ಗಿದ್ದರೂ ಅಂಕಿ ಏರಿರುವುದಿಲ್ಲ. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಅಂದಾಜಿಸುವ, 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿ. 140ರಿಂದ ವಯಸ್ಸು ಕಳೆದರೆ 72. ಅದನ್ನು ತೂಕ 50ರಿಂದ ಗುಣಿಸಿ, 72ನ್ನು ಕ್ರಿಯಾಟಿನಿನ್‌ನಿಂದ ಗುಣಿಸಿ ಬಂದದ್ದರಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ ನಿಮಿಷಕ್ಕೆ 39 ಮಿಲಿಲೀಟರ್ ಆಸುಪಾಸು ಬರುತ್ತದೆ. ಇದೇ 1.1 ಇರುವ, 70 ಕೆ.ಜಿ. ತೂಕದ ಮೂವತ್ತರ ಯುವಕನಿಗೆ 97. ಲ್ಯಾಬುಗಳು ಈಗ ಇದೇ ಸೋಸುವಿಕೆಯ ಅಂದಾಜನ್ನು ಬೇರೆ ಸೂತ್ರದಲ್ಲಿ ಲೆಕ್ಕ ಹಾಕಿ ಇಜಿಎಫ್‌ಆರ್ ಎಂದು ಅಚ್ಚು ಹಾಕುತ್ತವೆ, ಅತ್ತೆಯವರಿಗೆ ಅದು 55ರ ಹತ್ತಿರ ಬರಬಹುದು. ಮೆಟ್‌ಫಾರ್ಮಿನ್ ಡೋಸನ್ನು ಆ ಇಜಿಎಫ್‌ಆರ್ ನೋಡಿಯೇ ನಿರ್ಧರಿಸುತ್ತಾರೆ. 45ಕ್ಕಿಂತ ಇಳಿದರೆ ಡೋಸು ಇಳಿಸುವ ಮಾತು, 30ಕ್ಕಿಂತ ಇಳಿದರೆ ಪೂರ್ತಿ ನಿಲ್ಲಿಸುವ ಮಾತು. ಈಗಿನ 1000 ಮಿಲಿಗ್ರಾಂ ಮಿತಿಯೊಳಗೇ ಇದೆ, ಗಾಬರಿ ಬೇಡ. ಆದರೆ ತೂಬು ಕಿರಿದಾಗಿದೆ ಎನ್ನುವುದು ನಿಮಗೆ ಗೊತ್ತಿರಲಿ.

ಆ ಕಿರಿದಾದ ತೂಬಿಗೆ ಕಲ್ಲು ಅಡ್ಡ ಹಾಕುತ್ತಿರುವುದು ಡೈಕ್ಲೋಫೆನಾಕ್. ಕಿಡ್ನಿಯ ಸೋಸುವ ಗೊಂಚಲುಗಳಿಗೆ ರಕ್ತ ತರುವ ನಾಳವನ್ನು ತೆರೆದಿಡುವ ರಾಸಾಯನಿಕವನ್ನು ಅದು ತಡೆಯುತ್ತದೆ, ಒಳಗೆ ಬರುವ ರಕ್ತ ಕಡಿಮೆಯಾಗುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ನೀರಿಳಿಸುವ ಔಷಧಿ ಒಟ್ಟು ನೀರನ್ನೇ ತಗ್ಗಿಸುತ್ತದೆ. ಕೊನೆಯ ಎರಡು ಒಟ್ಟಿಗೆ ಇದ್ದರೆ ತೊಂದರೆಯಿಲ್ಲ, ಅದು ಬೇಕೆಂದೇ ಕೊಟ್ಟ ಜೋಡಿ. ಮೂರನೆಯದು ಸೇರಿದಾಗ ಸೋಸುವ ಒತ್ತಡವೇ ಕುಸಿಯಬಹುದು. ಬೇಸಿಗೆಯಲ್ಲಿ, ವಾಂತಿಭೇದಿಯ ದಿನ, ಈ ಮೂರೂ ಹೊಟ್ಟೆಯಲ್ಲಿದ್ದರೆ ಎರಡು ಮೂರು ದಿನದಲ್ಲೇ ಕಿಡ್ನಿ ನಿಂತು ಆಸ್ಪತ್ರೆಗೆ ಬಂದವರನ್ನು ಕಂಡಿದ್ದೇನೆ. ಸಾಲದ್ದಕ್ಕೆ ಡೈಕ್ಲೋಫೆನಾಕ್ ಬಿ.ಪಿ. ಏರಿಸುತ್ತದೆ, ಜಠರದಲ್ಲಿ ಹುಣ್ಣು ಮಾಡುತ್ತದೆ. ಇದು ಮೈಯಲ್ಲಿ ಸೇರಿಕೊಂಡು ಮಾಡುವ ಹಾನಿಯಲ್ಲ, ಲಿವರ್ ಅದನ್ನು ಗಂಟೆಗಳಲ್ಲೇ ಒಡೆದು ಕಳಿಸುತ್ತದೆ. ದಿನದಿನವೂ ಇರುವಷ್ಟು ಹೊತ್ತಿನಲ್ಲಿ ಮಾಡುವ ಹಾನಿ.

ಇದೇ ಔಷಧಿಯ ಇನ್ನೊಂದು ಕಥೆ ನಮ್ಮ ರಣಹದ್ದುಗಳದ್ದು. ದನಕರುಗಳಿಗೆ ಚುಚ್ಚಿದ ಡೈಕ್ಲೋಫೆನಾಕ್, ಅವು ಸತ್ತ ಮೇಲೆ ಕಳೇಬರ ತಿಂದ ಹದ್ದುಗಳ ಮೈಸೇರಿತು. ಆ ಹಕ್ಕಿಗಳ ದೇಹ ಅದನ್ನು ತಾಳಿಕೊಳ್ಳಲಾರದೆ ಕಿಡ್ನಿ ಸೋತು ಸತ್ತವು. ಕಾರಣ ಗೊತ್ತಾದದ್ದು 2004ರಲ್ಲಿ, ಜಾನುವಾರುಗಳಿಗೆ ಅದನ್ನು ಕೊಡಬಾರದೆಂದು ಭಾರತ ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ನಮ್ಮ ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವ ಹದ್ದುಗಳಿಗಾಗಿ ಈಗ ಒಂದು ಧಾಮವೇ ಇದೆ. ಮನುಷ್ಯರ ಕಿಡ್ನಿ ಹದ್ದಿನಷ್ಟು ಸೂಕ್ಷ್ಮವಲ್ಲ, ಹೆದರಿಸಲು ಇದನ್ನು ಹೇಳಲಿಲ್ಲ. ಒಂದೇ ಔಷಧಿ ಒಂದು ಮೈಗೆ ಮದ್ದಾಗಿ ಇನ್ನೊಂದು ಮೈಗೆ ವಿಷವಾಗುವುದು, ಆ ಮೈ ಅದನ್ನು ಹೇಗೆ ಕಳಿಸಿಕೊಡುತ್ತದೆ ಎನ್ನುವುದರ ಮೇಲೂ ನಿಂತಿದೆ.

ಮನುಷ್ಯರಲ್ಲೂ ಈ ವ್ಯತ್ಯಾಸ ಇದೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಅನ್ನು ಕೆಲವರ ಲಿವರ್ ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಸಿದರೆ, ಕೆಲವರಲ್ಲಿ ಅದಕ್ಕೆ ಮೂರು ಗಂಟೆ ಬೇಕು. ಹುಟ್ಟಿನಿಂದಲೇ ಹಾಗೆ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ನಿದ್ದೆಗೆಂದು ಕೊಡುವ ಡಯಜೆಪಾಮ್ ಕೊಬ್ಬಿನಲ್ಲಿ ಅಡಗುವ ಔಷಧಿ, ವಯಸ್ಸಾದಂತೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿ ಅದರ ಅರ್ಧಾಯುಷ್ಯ ಉದ್ದವಾಗುತ್ತದೆ. ಇಪ್ಪತ್ತರ ಹುಡುಗನಲ್ಲಿ ಸುಮಾರು 20 ಗಂಟೆ, ಎಂಬತ್ತರ ಅಜ್ಜಿಯಲ್ಲಿ ಸುಮಾರು 90 ಗಂಟೆ. ಪಕ್ಕದ ಮನೆಯವರಿಗೆ ‘ಚೆನ್ನಾಗಿ ಹಿಡಿಸಿದ’ ಮಾತ್ರೆಯನ್ನು ಎರವಲು ತರಬೇಡಿ ಎನ್ನುವುದು ಇದಕ್ಕೆ. ಹಾಗೆಯೇ ಒಂದು ಔಷಧಿ ಇನ್ನೊಂದರ ಬಾಗಿಲನ್ನು ತೆರೆಯಬಹುದು, ಮುಚ್ಚಬಹುದು. ಕ್ಷಯದ ರಿಫಾಂಪಿಸಿನ್ ಲಿವರ್‌ನ ಕೆಲಸವನ್ನು ಎಷ್ಟು ಚುರುಕು ಮಾಡುತ್ತದೆಂದರೆ ಗರ್ಭನಿರೋಧಕ ಮಾತ್ರೆ ಕೈಕೊಡಬಹುದು. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಅಟೋರ್ವಾಸ್ಟಾಟಿನ್‌ನ ಬಾಗಿಲು ಮುಚ್ಚಿ ಅದರ ಮಟ್ಟ ಏರಿಸುತ್ತದೆ. ಹಣ್ಣುಗಳಲ್ಲಿ ಗ್ರೇಪ್‌ಫ್ರೂಟ್ ಹೀಗೆ ಮಾಡುತ್ತದೆ. ಅದರ ನೆಂಟ ನಮ್ಮ ಚಕ್ಕೋತದಲ್ಲೂ ಅಂಥದ್ದೇ ರಾಸಾಯನಿಕಗಳಿವೆ. ಅತ್ತೆಯವರು ಅಪರೂಪಕ್ಕೆ ನಾಲ್ಕು ತೊಳೆ ತಿಂದರೆ ಚಿಂತೆಯಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ಮಾತ್ರ ದೇವನಹಳ್ಳಿಯದ್ದೇ ಆದರೂ ಚಕ್ಕೋತವನ್ನು ಬಿಡಬೇಕು.

ಈಗ ಏನು ಮಾಡಬೇಕು? ಡೈಕ್ಲೋಫೆನಾಕ್ ಮಾತ್ರೆಯನ್ನು ಇವತ್ತೇ ನಿಲ್ಲಿಸಿ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ಮಂಡಿಗೆ ಅದೇ ಔಷಧಿಯ ಜೆಲ್ ಹಚ್ಚಬಹುದು, ರಕ್ತಕ್ಕೆ ಸೇರುವುದು ನುಂಗಿದ್ದರಲ್ಲಿ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಚರ್ಮ ಕೆಂಪಾಗಿ ತುರಿಸಬಹುದು. ನೋವು ಜೋರಾದ ದಿನ ಪ್ಯಾರಾಸಿಟಮಾಲ್ 500 ಕೊಡಬಹುದು, ದಿನಕ್ಕೆ ನಾಲ್ಕು ದಾಟದಂತೆ. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಎರಡನ್ನೂ ಕೂಡಿಸಿ ಎಣಿಸಿ. ಡೈಕ್ಲೋಫೆನಾಕ್‌ನಷ್ಟು ಆರಾಮ ಅದರಿಂದ ಸಿಗದು ಎಂದು ಅತ್ತೆಯವರಿಗೆ ಮೊದಲೇ ಹೇಳಿ, ಇಲ್ಲವಾದರೆ ನಾಲ್ಕನೆಯ ದಿನ ಹಳೆಯ ಸ್ಟ್ರಿಪ್ ಮತ್ತೆ ಹೊರಬರುತ್ತದೆ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಸಿ. ಮಂಡಿಗೆ ದೀರ್ಘಕಾಲ ಆಸರೆಯಾಗುವುದು ಅದೇ. ಪ್ಯಾಂಟೊಪ್ರಜೋಲ್ ಶುರುವಾಗಿದ್ದು ಹೊಟ್ಟೆಯುರಿಗಾದರೆ, ಆ ಉರಿ ಈ ನೋವಿನ ಮಾತ್ರೆಯಿಂದಲೇ ಬಂದಿದ್ದಿರಬಹುದು. ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ಮೆಟ್‌ಫಾರ್ಮಿನ್ ಕುಟ್ಟುವುದನ್ನು ನಾಳೆಯಿಂದ ಬಿಡಿ, ನುಂಗಲು ಆಗದಿದ್ದರೆ ಬದಲಿ ಕೇಳಿ. ವಾಂತಿಭೇದಿ ಹಿಡಿದು ನೀರು ನಿಲ್ಲದ ದಿನ ಮೆಟ್‌ಫಾರ್ಮಿನ್ ಮತ್ತು ಬಿ.ಪಿ. ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರಿಗೆ ಅದೇ ದಿನ ಫೋನ್ ಮಾಡಿ. ಎರಡು ಮೂರು ವಾರ ಬಿಟ್ಟು ಕ್ರಿಯಾಟಿನಿನ್ ಮತ್ತೊಮ್ಮೆ ಮಾಡಿಸಿ, ಡೈಕ್ಲೋಫೆನಾಕ್ ನಿಂತ ಮೇಲೆ ಅದು ಇಳಿದರೂ ಆಶ್ಚರ್ಯವಿಲ್ಲ.

ಥೈರಾಯ್ಡ್ ಮಾತ್ರೆಯ ಹೊತ್ತನ್ನು ಮಾತ್ರ ವೈದ್ಯರಿಗೆ ತಿಳಿಸದೆ ಬದಲಿಸಬೇಡಿ. ಅರ್ಧಂಬರ್ಧ ದಕ್ಕುತ್ತಿದ್ದಾಗ ಏರಿಸಿದ ಡೋಸು ಇದು. ಕಾಫಿ, ಕ್ಯಾಲ್ಸಿಯಂ ದೂರವಾಗಿ ಪೂರ್ತಿ ದಕ್ಕತೊಡಗಿದರೆ 100 ಅವರಿಗೆ ಹೆಚ್ಚಾಗಬಹುದು. ಈ ವಯಸ್ಸಿನಲ್ಲಿ ಥೈರಾಕ್ಸಿನ್ ಹೆಚ್ಚಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಹಳೆಯ ಡೋಸಿಗೇ ಇಳಿಸಿ ಶುರುಮಾಡೋಣ ಎಂದು ಅವರು ಹೇಳಿದರೂ ಹೇಳಬಹುದು. ಆರು ವಾರ ಕಳೆದು ಟಿಎಸ್‌ಎಚ್ ಮಾಡಿಸಿ. ಅಷ್ಟರೊಳಗೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಹತ್ತದಿರುವುದು ಕಂಡರೆ ಕಾಯದೆ ಕರೆದುಕೊಂಡು ಹೋಗಿ. ಹೋಗುವಾಗ ಚೀಟಿಯ ಜೊತೆ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಆ ಡೈಕ್ಲೋಫೆನಾಕ್‌ನದ್ದೂ ಸೇರಿಸಿ.